ಹಳೆಯ ಅಂಬಾಸಿಡರ್ ಕಾರನ್ನು ಕೊಳ್ಳುವ ಮುನ್ನ ನೋಡಬೇಕಾದುದೇನು?

ಒಂದು ಕಾಲಕ್ಕೆ ಗಡಿನಾಡಿನ ಪೇಟೆಗಳಲ್ಲಿ ಬಾಡಿಗೆ ಕಾರು ಎಂದರೆ ಬಹುಮಟ್ಟಿಗೆ ಅಂಬಾಸಿಡರ್ ಎಂದೇ ಅರ್ಥವಾಗಿತ್ತು. ಮದುವೆಯ ದಿಬ್ಬಣಕ್ಕೂ ಅದೇ, ನಡುರಾತ್ರಿಯಲ್ಲಿ ಹೆರಿಗೆಗೆಂದು ಆಸ್ಪತ್ರೆಗೆ ಧಾವಿಸುವುದಕ್ಕೂ ಅದೇ. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದುಸ್ತಾನ್ ಮೋಟರ್ಸ್ ಕಾರ್ಖಾನೆಯು 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿದ ಮೇಲೆ ಹೊಸ ಅಂಬಾಸಿಡರ್ ರಸ್ತೆಗಿಳಿದಿಲ್ಲ. ಇರುವ ಹಳೆಯ ಗಾಡಿಗಳೇ ಈಗ ಕೈಯಿಂದ ಕೈಗೆ ದಾಟುತ್ತಿವೆ. ಅಜ್ಜನ ಕಾಲದ ನೆನಪಿಗಾಗಿ ಕೊಳ್ಳುವವರು ಕೆಲವರಾದರೆ, ಮದುವೆಗಳಿಗೆ ಬಾಡಿಗೆಗೆ ಕೊಟ್ಟು ನಾಲ್ಕು ಕಾಸು ಸಂಪಾದಿಸಬಹುದೆಂಬ ಆಸೆಯಿಂದ ಕೊಳ್ಳುವವರು ಇನ್ನು ಕೆಲವರು. ಇಬ್ಬರೂ ತೊಡಗಿಸುವುದು ಮನೆಯ ಉಳಿತಾಯದ ಹಣವನ್ನೇ.

ಗಾಡಿ ನೋಡಲು ಹೋದವರು ಮೊದಲು ಬಣ್ಣವನ್ನು ನೋಡುತ್ತಾರೆ, ಅನಂತರ ಎಂಜಿನ್ನಿನ ಸದ್ದನ್ನು ಕೇಳುತ್ತಾರೆ, ಕಾಗದಪತ್ರಗಳ ವಿಚಾರವನ್ನು ಮುಂಗಡ ಕೊಟ್ಟ ಮೇಲೆ ಎತ್ತುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಈ ಕ್ರಮವು ತಲೆಕೆಳಗಾದುದು. ಕೆಟ್ಟ ಎಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು, ಮಾಸಿದ ಬಣ್ಣವನ್ನು ಹೊಸದಾಗಿ ಬಳಿಸಬಹುದು. ತುಕ್ಕು ತಿಂದ ಒಡಲನ್ನೂ ಹರಿದುಹೋದ ದಾಖಲೆಯ ಎಳೆಯನ್ನೂ ಸರಿಪಡಿಸುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ. ರಾಜ್ಯದ ಗಡಿಯ ಆಚೀಚೆ ಬದುಕುವ ನಮ್ಮಂಥವರಿಗೆ ಎರಡನೆಯ ತೊಡಕು ಇಮ್ಮಡಿಯಾಗಿ ಕಾಡುತ್ತದೆ.

ಒಡಲೇ ಚೌಕಟ್ಟು

ಅಂಬಾಸಿಡರಿನ ಮೂಲರೂಪವು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರು. ಲಾರಿಗೂ ಹಳೆಯ ಜೀಪಿಗೂ ಇರುವಂತೆ ಇದಕ್ಕೆ ಪ್ರತ್ಯೇಕವಾದ ಉಕ್ಕಿನ ಚಾಸಿ ಇಲ್ಲ. ನೆಲ, ಬದಿಯ ಪಟ್ಟಿಗಳು, ಬಾಗಿಲ ಕಂಬಗಳು, ಮಾಡು ಎಲ್ಲವೂ ಬೆಸೆದು ಒಂದಾಗಿ ಭಾರವನ್ನು ಹೊರುತ್ತವೆ. ಜೀಪಿನ ಒಡಲು ತುಕ್ಕು ಹಿಡಿದರೆ ಅದನ್ನು ಎತ್ತಿಟ್ಟು ಬೇರೊಂದನ್ನು ಕೂರಿಸಬಹುದು. ಅಂಬಾಸಿಡರಿನಲ್ಲಿ ಹಾಗಲ್ಲ; ಇಲ್ಲಿ ತಗಡು ಕರಗಿತೆಂದರೆ ಗಾಡಿಯ ಬೆನ್ನೆಲುಬೇ ಕರಗಿದಂತೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪರೀಕ್ಷೆಯ ಕ್ರಮ ತಾನಾಗಿಯೇ ತಿಳಿಯುತ್ತದೆ.

ಗಾಡಿಯನ್ನು ಹಗಲು ಹೊತ್ತಿನಲ್ಲಿ, ಮಳೆ ಇಲ್ಲದ ದಿನ, ಒಣಗಿದ ಸ್ಥಿತಿಯಲ್ಲಿ ನೋಡಬೇಕು. ನೀರು ಚಿಮುಕಿಸಿದ ಮೈಮೇಲೆ ಎಲ್ಲ ಬಣ್ಣವೂ ಹೊಳೆಯುತ್ತದೆ. ಒಂದು ಟಾರ್ಚು, ನೆಲದ ಮೇಲೆ ಹಾಸಿ ಮಲಗಲು ಹಳೆಯ ಚಾದರ, ಒಂದು ಸ್ಕ್ರೂಡ್ರೈವರು, ಟಿಪ್ಪಣಿ ಪುಸ್ತಕ ಮತ್ತು ಮಕ್ಕಳ ವಿಜ್ಞಾನ ಪೆಟ್ಟಿಗೆಯಲ್ಲಿರುವಂಥ ಸಣ್ಣ ಅಯಸ್ಕಾಂತ ಇಷ್ಟಿದ್ದರೆ ಸಾಕು. ಅಯಸ್ಕಾಂತಕ್ಕೆ ತೆಳುವಾದ ಬಟ್ಟೆ ಸುತ್ತಿ ಬಾಗಿಲುಗಳ ಕೆಳಗಿನ ಅಂಚು, ಚಕ್ರದ ಕಮಾನು, ಹೆಡ್‌ಲೈಟಿನ ಸುತ್ತಲಿನ ಭಾಗಗಳ ಮೇಲೆ ಮೆಲ್ಲನೆ ಆಡಿಸಬೇಕು. ತಗಡು ಇದ್ದಲ್ಲಿ ಅದು ಹಿಡಿದುಕೊಳ್ಳುತ್ತದೆ, ಪುಟ್ಟಿ ದಪ್ಪವಾಗಿ ತುಂಬಿದ್ದಲ್ಲಿ ಜಾರಿ ಬೀಳುತ್ತದೆ. ಈ ಕೆಲಸವನ್ನು ಮಗನಿಗೋ ಮಗಳಿಗೋ ಒಪ್ಪಿಸಬಹುದು. ಮಕ್ಕಳು ಇದನ್ನು ದೊಡ್ಡವರಿಗಿಂತ ತಾಳ್ಮೆಯಿಂದ ಮಾಡುತ್ತಾರೆ, ಮಾರುವವರ ಮಾತಿಗೆ ಬೇಗ ಮರುಳಾಗುವುದೂ ಇಲ್ಲ.

ಅನಂತರ ಬಾಗಿಲುಗಳನ್ನು ತೆರೆದು ಹೊಸ್ತಿಲಿನಂತಿರುವ ಕೆಳಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ನೆಲಹಾಸನ್ನು ಎತ್ತಿಸಲೇಬೇಕು. ಚಾಲಕನ ಪಾದದ ಬಳಿ, ಮುಂದಿನ ಆಸನದ ಅಡಿ, ಹಿಂದಿನ ಆಸನದ ಅಡಿ, ಡಿಕ್ಕಿಯ ನೆಲ, ಈ ನಾಲ್ಕು ಕಡೆ ನೀರು ನಿಂತು ತಗಡು ಒಳಗಿಂದೊಳಗೆ ಕೊಳೆಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಸ್ಪಷ್ಟವಾದ ನಾದ ಕೊಡುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ. ಹಿಂಬದಿಯ ಲೀಫ್ ಸ್ಪ್ರಿಂಗುಗಳು ಒಡಲಿಗೆ ಸೇರುವ ಜಾಗವನ್ನೂ ಮುಂಬದಿಯ ಟಾರ್ಷನ್ ಬಾರ್‌ಗಳನ್ನು ಬಿಗಿದಿರುವ ಜಾಗವನ್ನೂ ಟಾರ್ಚು ಹಿಡಿದು ನೋಡಬೇಕು. ಅಲ್ಲಿ ಒಂದರ ಮೇಲೊಂದು ತೇಪೆ ವೆಲ್ಡಿಂಗ್ ಕಂಡುಬಂದರೆ ಅಲ್ಲಿಗೇ ವ್ಯವಹಾರವನ್ನು ನಿಲ್ಲಿಸುವುದು ಲೇಸು. ತಳಭಾಗಕ್ಕೆ ಹೊಸದಾಗಿ ಕಪ್ಪು ಡಾಂಬರಿನಂಥ ಲೇಪ ಬಳಿದಿದ್ದರೆ ಅದನ್ನು ಆರೈಕೆಯ ಗುರುತೆಂದು ಕೂಡಲೇ ನಂಬಬಾರದು. ತುಕ್ಕು ಮುಚ್ಚಲು ಅದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ.

ಜಾಕಿಯ ಮೇಲೆ ಮಾತ್ರ ನಿಂತಿರುವ ಗಾಡಿಯ ಅಡಿಗೆ ಯಾರೂ ತೂರಬಾರದು. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ನೋಡುವುದೇ ಸರಿಯಾದ ಕ್ರಮ.

ಯಾವ ಊರಿನ ಗಾಡಿ ಎಂಬುದೂ ಮುಖ್ಯ. ಕಾಸರಗೋಡಿನ ಕರಾವಳಿಯಲ್ಲಿ ಉಪ್ಪುಗಾಳಿ, ತಿಂಗಳುಗಟ್ಟಲೆ ಸುರಿಯುವ ಮಳೆ. ಅಲ್ಲಿಯೇ ಬಾಳಿದ ಗಾಡಿಯ ಕೆಳಭಾಗವನ್ನು ಸಂಶಯದಿಂದಲೇ ನೋಡಬೇಕು. ವಯನಾಡು, ನೀಲಗಿರಿಗಳ ಏರಿಳಿತಗಳಲ್ಲಿ ಓಡಿದ ಗಾಡಿಯಲ್ಲಿ ಕ್ಲಚ್ಚು, ಬ್ರೇಕು, ರೇಡಿಯೇಟರುಗಳು ಹೆಚ್ಚು ದಣಿದಿರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗಗಳ ಒಣಹವೆಯಲ್ಲಿ ನಿಂತ ಗಾಡಿಯ ತಗಡು ಹೆಚ್ಚಾಗಿ ಗಟ್ಟಿಯಾಗಿಯೇ ಉಳಿದಿರುತ್ತದೆ. ಬಿಸಿಲಿಗೆ ರಬ್ಬರು, ಆಸನ, ಡ್ಯಾಶ್‌ಬೋರ್ಡು ಸೀಳಿರಬಹುದು, ಆದರೆ ಅವು ಬದಲಿಸಬಹುದಾದ ವಸ್ತುಗಳು. ಆದುದರಿಂದ ಒಳ್ಳೆಯ ಒಡಲು ಬೇಕೆನ್ನುವ ಕರಾವಳಿಯವರು ಬಯಲುಸೀಮೆಯ ಕಡೆ ನೋಡುವುದು ಜಾಣತನ. ಅಲ್ಲಿಯ ಕನ್ನಡ ಶಾಲೆಯ ಬಳಗದಲ್ಲಿ ಪರಿಚಯವಿದ್ದವರು ಒಮ್ಮೆ ಹೋಗಿ ನೋಡಿ ಬಂದರೆ ಪ್ರಯಾಣದ ಖರ್ಚೂ ಉಳಿಯುತ್ತದೆ. ದೂರದ ಗಾಡಿ ಕೊಂಡಷ್ಟೂ ಕಾಗದಪತ್ರದ ಕೆಲಸ ಬೆಳೆಯುತ್ತದೆ ಎಂಬುದು ಮಾತ್ರ ನೆನಪಿರಬೇಕು. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ಎಂಜಿನ್ನು ಮತ್ತು ಓಟ

ನಾವು ಬರುವವರೆಗೆ ಎಂಜಿನ್ನನ್ನು ಚಾಲೂ ಮಾಡಬಾರದೆಂದು ಮಾರುವವರಿಗೆ ಮೊದಲೇ ತಿಳಿಸಬೇಕು. ತಲುಪಿದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರೆ ಮಾತು ಉಳಿಸಿಕೊಂಡಿದ್ದಾರೆಯೇ ಎಂಬುದು ಗೊತ್ತಾಗುತ್ತದೆ. ತಣ್ಣಗಿರುವ ಎಂಜಿನ್ನು ತನ್ನ ದೋಷಗಳನ್ನು ಅಡಗಿಸಲಾರದು.

ಬಹುಪಾಲು ಹಳೆಯ ಪೆಟ್ರೋಲ್ ಅಂಬಾಸಿಡರುಗಳಲ್ಲಿರುವುದು 1489 ಸಿಸಿಯ ಸರಳವಾದ ಎಂಜಿನ್ನು. ಅದೇ ಅಳತೆಯ ಡೀಸೆಲ್ ಎಂಜಿನ್ನೂ ಬಂದಿತ್ತು. 1990ರ ದಶಕದಲ್ಲಿ ಇಸುಝು ಮೂಲದ 1817 ಸಿಸಿಯ ಎಂಜಿನ್ನು ಸೇರಿತು. ಎಣ್ಣೆಯ ಕಡ್ಡಿಯನ್ನು ಹೊರತೆಗೆದು ಬಿಳಿ ಕಾಗದಕ್ಕೆ ಒರೆಸಿ ನೋಡಬೇಕು. ಕಪ್ಪಾಗಿದ್ದರೆ ಚಿಂತೆಯಿಲ್ಲ, ಮಜ್ಜಿಗೆಯಂತೆ ಬಿಳಿಚಿದ್ದರೆ ನೀರು ಎಣ್ಣೆಯೊಳಗೆ ಸೇರುತ್ತಿದೆ. ರೇಡಿಯೇಟರಿನ ಮುಚ್ಚಳವನ್ನು ತಣ್ಣಗಿರುವಾಗ ಮಾತ್ರ ತೆರೆದು ನೋಡಿ, ನೀರಿನ ಮೇಲೆ ಎಣ್ಣೆಯ ಪದರ ತೇಲುತ್ತಿದೆಯೇ ಎಂದು ಗಮನಿಸಬೇಕು. ಚಾಲೂ ಮಾಡಿದಾಗ ಬರುವ ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ನೀರು ಉರಿಯುತ್ತಿರುವುದರ ಗುರುತು. ಪೆಟ್ರೋಲ್ ಎಂಜಿನ್ನಿನಲ್ಲಿ ಕಪ್ಪು ಹೊಗೆ ಬಂದರೆ ಇಂಧನ ಹೆಚ್ಚಾಗಿ ಹೋಗುತ್ತಿದೆ ಎಂದರ್ಥ. ಅದು ಕಾರ್ಬ್ಯುರೇಟರಿನ ದುರಸ್ತಿಯಿಂದ ಬಹುತೇಕ ಸರಿಹೋಗುತ್ತದೆ. ಇಪ್ಪತ್ತು ನಿಮಿಷವಾದರೂ ಓಡಲು ಬಿಟ್ಟು, ಬಿಸಿಯಾದ ಮೇಲೆ ಎಣ್ಣೆಯ ಒತ್ತಡದ ಕೆಂಪು ದೀಪ ಮಿನುಗುತ್ತದೆಯೇ ಎಂದು ನೋಡಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗಿ ಸೋರುವುದುಂಟು. ಇಂಧನದ ಕೊಳವೆಗಳನ್ನು ಪೂರ್ತಿ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಕ್ಷೇಮ.

ಓಡಿಸಿ ನೋಡುವಾಗ ಸ್ಟೇರಿಂಗಿನ ಕಂಬದಲ್ಲಿರುವ ಗೇರುಕೋಲಿನ ಕಡೆಗೆ ಗಮನವಿರಲಿ. ಅದರ ಸಂಧಿಗಳು ಸವೆದರೆ ಗೇರು ಸಿಕ್ಕಿಹಾಕಿಕೊಳ್ಳುತ್ತದೆ, ಅದು ಸಣ್ಣ ಖರ್ಚು. ಕಾಲು ತೆಗೆದೊಡನೆ ಗೇರು ತಾನಾಗಿ ಹೊರಜಿಗಿದರೆ ದೋಷ ಪೆಟ್ಟಿಗೆಯೊಳಗಿದೆ, ಅದು ದೊಡ್ಡ ಖರ್ಚು. ಖಾಲಿ ಮೈದಾನದಲ್ಲಿ ಬ್ರೇಕು ಒತ್ತಿದಾಗ ಗಾಡಿ ಒಂದೇ ಬದಿಗೆ ಎಳೆಯಬಾರದು. ಏರಿನಲ್ಲಿ ನಿಲ್ಲಿಸಿ ಕೈಬ್ರೇಕನ್ನು ಪರೀಕ್ಷಿಸಬೇಕು. ಮುಂದಿನ ಚಕ್ರವನ್ನು ಎತ್ತಿಸಿ ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಕೀಲುಗಳ ಸವೆತ ಕೈಗೇ ತಿಳಿಯುತ್ತದೆ. ವರ್ಷಗಟ್ಟಲೆ ಗ್ರೀಸು ಕಾಣದ ಗಾಡಿಗಳೇ ಹೆಚ್ಚು. ಈ ಎಲ್ಲ ಕೆಲಸಕ್ಕೂ ಅಂಬಾಸಿಡರನ್ನು ಬಿಚ್ಚಿ ಜೋಡಿಸಿದ ಅನುಭವವುಳ್ಳ ಹಿರಿಯ ಮೆಕ್ಯಾನಿಕರೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು, ಅವರ ಒಂದು ದಿನದ ಕೂಲಿಯನ್ನು ನಾವೇ ಕೊಡಬೇಕು. ಮಾರುವವರು ತೋರಿಸಿಕೊಟ್ಟ ಮೆಕ್ಯಾನಿಕರ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಸಾಲದು.

ಬಿಡಿಭಾಗಗಳ ಬಗ್ಗೆ ಹೆಚ್ಚು ಹೆದರಬೇಕಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರುಗಳಲ್ಲಿ ಎಂಜಿನ್ನು, ಬ್ರೇಕುಗಳ ಭಾಗಗಳನ್ನು ಹುಡುಕಬಹುದು. ಸಿಗದಿರುವುದು ಅಲಂಕಾರದ ಭಾಗಗಳು: ಆಯಾ ಕಾಲದ ಗ್ರಿಲ್ಲು, ಲಾಂಛನ, ದೀಪದ ಗಾಜು, ಹೊಳಪಿನ ಪಟ್ಟಿ. ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಎಂದು ಹೆಸರು ಬದಲಾದಂತೆ ಮುಂಭಾಗದ ರೂಪವೂ ಬದಲಾಯಿತು. ಹೊಸ ಗಾಡಿಗೆ ಹಳೆಯ ಗ್ರಿಲ್ಲು ಕೂರಿಸಿ ‘ಮಾರ್ಕ್ 2’ ಎಂದು ಮಾರುವವರಿದ್ದಾರೆ. ಗಾಡಿಯ ವಯಸ್ಸನ್ನು ಗ್ರಿಲ್ಲಿನಿಂದ ನಿರ್ಧರಿಸದೆ ನೋಂದಣಿ ಪತ್ರದಿಂದ ನಿರ್ಧರಿಸಬೇಕು.

ಇನ್ನೊಂದು ಮಾತು. ಹಳೆಯ ಅಂಬಾಸಿಡರಿನ ಹಿಂದಿನ ಆಸನದಲ್ಲಿ ಸೀಟುಬೆಲ್ಟು ಇರುವುದಿಲ್ಲ, ಗಾಳಿಚೀಲದ ಮಾತಂತೂ ಇಲ್ಲವೇ ಇಲ್ಲ. ದಿನವೂ ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯಾಗಿ ಇದನ್ನು ಕೊಳ್ಳುವುದನ್ನು ನಾವು ಒಪ್ಪುವುದಿಲ್ಲ.

ಕಾಗದಪತ್ರಗಳ ಗಡಿ

ಮೊದಲ ಕೆಲಸ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸುವುದು. ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲದಿದ್ದರೂ ಒಡಲಿಗೆ ಕೊಟ್ಟ ಸಂಖ್ಯೆಯನ್ನು ದಾಖಲೆಯಲ್ಲಿ ಚಾಸಿ ಸಂಖ್ಯೆಯೆಂದೇ ಕರೆಯುತ್ತಾರೆ. ತೆಳುಕಾಗದವನ್ನು ಸಂಖ್ಯೆಯ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಳ್ಳಬೇಕು. ಮಕ್ಕಳು ನಾಣ್ಯದ ಅಚ್ಚು ತೆಗೆಯುವ ವಿಧಾನವೇ ಇದು, ಸಾರಿಗೆ ಕಚೇರಿಗಳಲ್ಲಿಯೂ ಇದನ್ನೇ ಕೇಳುತ್ತಾರೆ. ಸಂಖ್ಯೆ ಅಳಿಸಿದ್ದರೆ, ಹೊಸದಾಗಿ ಕೊರೆದಂತಿದ್ದರೆ, ಸಂಖ್ಯೆಯ ಫಲಕವನ್ನು ಬಿಚ್ಚಿ ಹಾಕಿದ ಗುರುತಿದ್ದರೆ ಆ ಗಾಡಿ ಬೇಡ. ಪೆಟ್ರೋಲ್ ಗಾಡಿಗೆ ಡೀಸೆಲ್ ಎಂಜಿನ್ನು ಕೂರಿಸುವುದು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಆ ಬದಲಾವಣೆಯು ನೋಂದಣಿ ಪತ್ರದಲ್ಲಿ ದಾಖಲಾಗಿಲ್ಲದಿದ್ದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಅದು ಅಕ್ರಮ ಮಾರ್ಪಾಡು. ಮುಂದಿನ ಎಲ್ಲ ಅರ್ಜಿಗಳೂ ಅಲ್ಲಿಗೇ ನಿಲ್ಲುತ್ತವೆ.

ಎರಡನೆಯದು ಮಾಲೀಕರ ಹೆಸರು. ಹಳೆಯ ಗಾಡಿಗಳ ನೋಂದಣಿ ಪತ್ರದಲ್ಲಿ ತೀರಿಕೊಂಡವರ ಹೆಸರಿರುವುದು ಅಪರೂಪವಲ್ಲ. ಮಾರಲು ಮುಂದೆ ಬಂದ ಮಗನ ಸಹಿಯೊಂದೇ ಆಗ ಸಾಲದು. ಮೊದಲು ವಾರಸುದಾರರು ನಮೂನೆ 31ರ ಮೂಲಕ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕು. ‘ಅದನ್ನೆಲ್ಲ ಆಮೇಲೆ ಮಾಡಿಸಿಕೊಡುತ್ತೇವೆ’ ಎಂಬ ಮಾತಿನ ಮೇಲೆ ಹಣ ಕೊಟ್ಟು, ಅಣ್ಣತಮ್ಮಂದಿರ ಮನಸ್ತಾಪದ ನಡುವೆ ಸಿಕ್ಕಿಕೊಂಡರೆ ಗಾಡಿ ಅಂಗಳದಲ್ಲಿ ನಿಲ್ಲುತ್ತದೆಯೇ ಹೊರತು ರಸ್ತೆಗೆ ಇಳಿಯುವುದಿಲ್ಲ.

ಖಾಸಗಿ ಕಾರಿನ ನೋಂದಣಿಯು 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಯೋಗ್ಯತಾ ಪರೀಕ್ಷೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿಸಲಾಗಿತ್ತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನ ಅಧಿಸೂಚನೆಯು ಅದನ್ನು 10,000 ರೂಪಾಯಿಯಾಗಿಸಿತು. ಇದರ ಮೇಲೆ ಹಸಿರು ತೆರಿಗೆ, ವಿಳಂಬದ ದಂಡಗಳು ಸೇರಬಹುದು. ಹಲವು ವರ್ಷ ನವೀಕರಿಸದೆ ಬಿಟ್ಟ ಗಾಡಿಯ ಬಾಕಿಯನ್ನು ಮಾರುವವರೇ ತೀರಿಸಲಿ, ಇಲ್ಲವೇ ಬೆಲೆಯಲ್ಲಿ ಕಳೆಯಲಿ. ಬ್ಯಾಂಕಿನ ಸಾಲದ ನಮೂದು ಇದ್ದರೆ ನಮೂನೆ 35ರ ಮೂಲಕ ಅದನ್ನು ತೆಗೆಸಬೇಕು, ಆ ಸಾಲ ಮೂವತ್ತು ವರ್ಷದ ಹಿಂದೆಯೇ ತೀರಿದ್ದರೂ ಸರಿ.

ಗಾಡಿ ಮತ್ತು ಕೊಳ್ಳುವವರು ಒಂದೇ ರಾಜ್ಯದವರಾದರೆ ನಮೂನೆ 29 ಮತ್ತು 30 ಸಾಕಾಗುತ್ತವೆ. ಮಾರುವವರು 14 ದಿನಗಳೊಳಗೆ ತಿಳಿಸಬೇಕು, ಕೊಳ್ಳುವವರು 30 ದಿನಗಳೊಳಗೆ. ಮಂಜೇಶ್ವರದ ಮನೆಯವರು ಮಂಗಳೂರಿನ ಗಾಡಿಯನ್ನೋ ತಾಳವಾಡಿಯವರು ಚಾಮರಾಜನಗರದ ಗಾಡಿಯನ್ನೋ ಕೊಂಡಾಗ ದಾರಿ ಉದ್ದವಾಗುತ್ತದೆ. ಮೂಲ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ, ಅಂದರೆ ಎಲ್ಲರೂ ಎನ್‌ಓಸಿ ಎನ್ನುವ ಕಾಗದ, ಪಡೆಯಬೇಕು. ಅದಕ್ಕೆ ತೆರಿಗೆ ಬಾಕಿಯಿಲ್ಲದಿರಬೇಕು, ಗಾಡಿಯ ಮೇಲೆ ಕಳವು ಪ್ರಕರಣ ಇರಬಾರದು. ಅನಂತರ ನಮ್ಮ ರಾಜ್ಯದ ತೆರಿಗೆ ಕಟ್ಟಿ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು. ಮನೆಯಿಂದ ಹತ್ತು ಕಿಲೋಮೀಟರು ದೂರದ ಪೇಟೆಯಾದರೂ ನಡುವೆ ರಾಜ್ಯದ ಗಡಿ ಇದ್ದರೆ ಕಾನೂನಿನ ದೃಷ್ಟಿಯಲ್ಲಿ ಅದು ಹೊರರಾಜ್ಯವೇ. ಕರ್ನಾಟಕದಲ್ಲಿರುವ ನೆಂಟರ ವಿಳಾಸದಲ್ಲಿ ಗಾಡಿಯನ್ನು ಹಾಗೆಯೇ ಬಿಟ್ಟು ಈಚೆ ಓಡಿಸುವ ರೂಢಿ ಗಡಿಯಲ್ಲಿದೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡ ಗಾಡಿಗೆ ಅಲ್ಲಿಯ ಸಂಖ್ಯೆ ಪಡೆಯಲೇಬೇಕೆಂದು ಕಾಯಿದೆಯ 47ನೆಯ ಕಲಮು ಹೇಳುತ್ತದೆ.

ಈಗಿನ ಸಂಖ್ಯಾಕ್ರಮ ಬಂದುದು 1989ರಲ್ಲಿ. ಅದಕ್ಕೂ ಹಿಂದಿನ, ಮೈಸೂರು ರಾಜ್ಯದ ಕಾಲದ ‘ಎಂವೈ’ ಆರಂಭದ ಸಂಖ್ಯೆಯುಳ್ಳ ಗಾಡಿಗಳ ವಿವರ ಎಷ್ಟೋ ಸಲ ಪರಿವಾಹನ್ ಜಾಲತಾಣದಲ್ಲಿ ಕಾಣಿಸುವುದಿಲ್ಲ. ಹಾಗಿದ್ದರೆ ಮೂಲ ಕಚೇರಿಯು ಹಳೆಯ ಕಡತದಿಂದ ವಿವರಗಳನ್ನು ಗಣಕಕ್ಕೆ ಸೇರಿಸಿದ ಮೇಲಷ್ಟೇ ಎನ್‌ಓಸಿ ಸಿಗುತ್ತದೆ. ಕಡತವೇ ಸಿಗದೆ ಹೋದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಗಾಡಿ ನೋಡಲು ಹೊರಡುವ ಮೊದಲೇ, ಮನೆಯಲ್ಲಿ ಕುಳಿತು, ಜಾಲತಾಣದಲ್ಲಿ ಸಂಖ್ಯೆಯನ್ನು ಹಾಕಿ ನೋಡಬೇಕು. ನೋಂದಣಿಯ ಅವಧಿ, ವಿಮೆ, ಸಾಲದ ನಮೂದುಗಳು ಅಲ್ಲಿ ತಿಳಿಯುತ್ತವೆ. ಪುಟಗಳು ಇಂಗ್ಲಿಷಿನಲ್ಲಿರುವುದರಿಂದ ಈ ಕೆಲಸಕ್ಕೂ ಮನೆಯ ಪ್ರೌಢಶಾಲೆಯ ಮಕ್ಕಳು ನೆರವಾಗಬಲ್ಲರು.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರತ್ಯೇಕ ‘ವಿಂಟೇಜ್’ ನೋಂದಣಿಯ ನಿಯಮಗಳನ್ನು ಹೊರಡಿಸಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಕೇಳಲು ಇಂಪಾದ ಈ ಸೌಲಭ್ಯಕ್ಕೆ ಒಂದು ಕಟ್ಟು ಇದೆ: ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. 1985ರ ಗಾಡಿಯನ್ನು ‘ವಿಂಟೇಜ್’ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ, ಕಾಯಿದೆಯ ಲೆಕ್ಕದಲ್ಲಿ ಅದು ಇನ್ನೂ ವಿಂಟೇಜ್ ಆಗಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಮದುವೆಯ ಬಾಡಿಗೆಯನ್ನು ನಂಬಿ ಸಾಲ ಮಾಡಿ ಕೊಳ್ಳುವವರು ಇದನ್ನು ಎರಡು ಸಲ ಓದಬೇಕೆಂದು ಕೋರುತ್ತೇವೆ. ವಿಂಟೇಜ್ ನೋಂದಣಿಯ ಗಾಡಿಯಂತೆಯೇ ಬಿಳಿ ಫಲಕದ ಖಾಸಗಿ ಗಾಡಿಯನ್ನೂ ಬಾಡಿಗೆಗೆ ಓಡಿಸುವಂತಿಲ್ಲ. ಬಾಡಿಗೆಯಲ್ಲಿರುವಾಗ ಅಪಘಾತವಾದರೆ ವಿಮಾ ಕಂಪನಿಯು ಪರಿಹಾರವನ್ನು ನಿರಾಕರಿಸಬಹುದು. ಆಗ ನಷ್ಟವೆಲ್ಲ ಮಾಲೀಕರ ತಲೆಗೆ. ಹಳೆಯ ಗಾಡಿಗೆ ಪರವಾನಗಿ ಸಿಗುತ್ತದೆಯೇ ಎಂಬುದನ್ನು ತಮ್ಮ ರಾಜ್ಯದ ಸಾರಿಗೆ ಕಚೇರಿಯಲ್ಲಿ ಕೊಳ್ಳುವ ಮುನ್ನವೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಒಪ್ಪಂದದ ಕಾಗದವು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇದ್ದರೆ, ಆ ಲಿಪಿ ಓದಬಲ್ಲವರಿಂದ ಸಾಲು ಸಾಲಾಗಿ ಓದಿಸಿ ಕೇಳದೆ ಸಹಿ ಹಾಕಬಾರದು. ಮಾತನಾಡಲು ಬರುವ ಭಾಷೆಯನ್ನು ಓದಲು ಬರುವುದಿಲ್ಲವೆಂದು ಹೇಳಿಕೊಳ್ಳಲು ನಾಚಬೇಕಾದುದೂ ಇಲ್ಲ. ಮುಂಗಡ ಕೊಡುವಾಗ, ಇಂತಿಷ್ಟು ದಿನಗಳೊಳಗೆ ಎನ್‌ಓಸಿ ಬಾರದಿದ್ದರೆ ಹಣ ಹಿಂದಿರುಗಿಸಬೇಕೆಂಬ ಸಾಲನ್ನು ಬರೆಸಿಕೊಳ್ಳಬೇಕು, ಉಳಿದ ಹಣವನ್ನು ಎನ್‌ಓಸಿ ಕೈಗೆ ಬಂದ ದಿನ ಬ್ಯಾಂಕಿನ ಮೂಲಕ ಕೊಡಬೇಕು. ಗಾಡಿಯನ್ನು ವಶಕ್ಕೆ ಪಡೆದ ದಿನಾಂಕ ಮತ್ತು ಗಂಟೆಯನ್ನು ಬರೆದು ಇಬ್ಬರೂ ಸಹಿ ಹಾಕಿದರೆ, ಅಂದಿನ ಮುಂಚಿನ ದಂಡ, ಅಪಘಾತಗಳ ಹೊಣೆ ಯಾರದೆಂಬ ತಕರಾರು ಬಾರದು. ವಿಮೆಯನ್ನು ಹೆಸರಿಗೆ ಮಾಡಿಸಿಕೊಳ್ಳಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಮೂರನೆಯವರಿಗೆ ಆಗುವ ಹಾನಿಯ ರಕ್ಷಣೆ ಗಾಡಿಯೊಡನೆ ತಾನಾಗಿ ಬರುತ್ತದೆ, ಗಾಡಿಗೇ ಆಗುವ ಹಾನಿಯ ರಕ್ಷಣೆ ಹಾಗೆ ಬರುವುದಿಲ್ಲ.